ಕಾಯಿಹಾಲಿನ ಊರಿನಲ್ಲೊಂದು ವೀಗನ್ ಬಳಗ

ಮಂಗಳೂರಿನಲ್ಲಿ ಒಬ್ಬರ ಊಟದ ಬಗ್ಗೆ ವಿಚಾರಿಸುವುದೆಂದರೆ ಅವರ ಜಾತಿ, ಮತ, ಮನೆತನಗಳನ್ನು ಸುತ್ತುಬಳಸಿ ವಿಚಾರಿಸಿದಂತೆಯೇ. 'ನೀವು ಮೀನು ತಿನ್ನುತ್ತೀರಾ?' ಎಂಬ ಪ್ರಶ್ನೆ ಬಾಡಿಗೆ ಮನೆ ಹುಡುಕುವವರಿಗೆ ಬಾಗಿಲಲ್ಲೇ ಎದುರಾಗುತ್ತದೆ. ಉತ್ತರ ಯಾವುದೇ ಇರಲಿ, ಕೇಳಿದವರು ಅದರಿಂದ ತಮಗೆ ಬೇಕಾದ ಬೇರೆಲ್ಲ ಮಾಹಿತಿಯನ್ನೂ ಹೆಕ್ಕಿಕೊಳ್ಳುತ್ತಾರೆ. ಇಂಥ ಊರಿನಲ್ಲಿ 'ಮೀನು, ಮಾಂಸ ಮಾತ್ರವಲ್ಲ, ಹಾಲು, ಮೊಸರು, ತುಪ್ಪ, ಜೇನು ಕೂಡ ನನಗೆ ವರ್ಜ್ಯ' ಎಂದುಬಿಟ್ಟರೆ ಆ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ. ನೀವು ಜೈನರೇ? ಏನಾದರೂ ವ್ರತವೇ? ಡಾಕ್ಟರರು ಹೇಳಿದ್ದಾರೆಯೇ? ಕಳೆದ ಎಂಟು ವರ್ಷಗಳಿಂದ ನಾನು ಈ ಮೂರು ಪ್ರಶ್ನೆಗಳಿಗೆ ಉತ್ತರಿಸುತ್ತ ಬಂದಿದ್ದೇನೆ. ಮೂರಕ್ಕೂ ನನ್ನ ಉತ್ತರ ಅಲ್ಲವೆಂದೇ. ಅಂದಹಾಗೆ, ಅಹಿಂಸೆಯನ್ನು ಗೆಡ್ಡೆಗೆಣಸಿನವರೆಗೂ ಕೊಂಡೊಯ್ದ ಜೈನರು ಹಾಲನ್ನು ಬಿಟ್ಟವರಲ್ಲ.

ವೀಗನ್ ಎಂಬ ಶಬ್ದ ಹುಟ್ಟಿದ್ದು 1944ರಲ್ಲಿ. ಇಂಗ್ಲೆಂಡಿನಲ್ಲಿ ಮರಗೆಲಸ ಕಲಿಸುವ ಅಧ್ಯಾಪಕರಾಗಿದ್ದ ಡೊನಾಲ್ಡ್ ವಾಟ್ಸನ್ ಮತ್ತು ಬೆರಳೆಣಿಕೆಯ ಅವರ ಗೆಳೆಯರು, ಹಾಲು-ಮೊಟ್ಟೆಗಳನ್ನು ಒಪ್ಪುವ ಸಸ್ಯಾಹಾರಿಗಳಿಂದ ತಮ್ಮನ್ನು ಬೇರ್ಪಡಿಸಿಕೊಳ್ಳಲು ವೆಜಿಟೇರಿಯನ್ ಎಂಬ ಪದದ ತಲೆ ಮತ್ತು ಬಾಲವನ್ನು ಜೋಡಿಸಿ ಈ ಹೆಸರನ್ನು ಕಟ್ಟಿದರು. ಪ್ರಾಣಿಯಿಂದ ಬಂದ ಆಹಾರವಷ್ಟೇ ಅಲ್ಲ, ತೊಗಲು, ರೇಷ್ಮೆ, ಉಣ್ಣೆಗಳನ್ನೂ ಸಾಧ್ಯವಾದಷ್ಟು ದೂರವಿಡುವುದು ಅದರ ತಾತ್ಪರ್ಯ. ಕನ್ನಡದಲ್ಲಾಗಲಿ, ತುಳು, ಕೊಂಕಣಿ, ಬ್ಯಾರಿಗಳಲ್ಲಾಗಲಿ ಇದಕ್ಕೆ ಸಲ್ಲುವ ಬಳಕೆಯ ಶಬ್ದವಿಲ್ಲ. 'ಶುದ್ಧ ಸಸ್ಯಾಹಾರಿ' ಎಂದು ಕೆಲವರು ಸೂಚಿಸುವುದುಂಟು. ಆ ಹೆಸರನ್ನು ಹೋಟೆಲುಗಳ ಫಲಕಗಳು ಎಂದೋ ಆಕ್ರಮಿಸಿಕೊಂಡಿವೆ ಎಂಬುದು ಒಂದು ತೊಡಕು. ಅದಕ್ಕಿಂತ ದೊಡ್ಡ ತೊಡಕೆಂದರೆ ಅಲ್ಲಿರುವ 'ಶುದ್ಧ' ಎಂಬ ವಿಶೇಷಣ. ಅದನ್ನು ಬಳಸಿದೊಡನೆ ಪಕ್ಕದ ಮನೆಯ ಅಡುಗೆ ಅಶುದ್ಧವಾಗಿಬಿಡುತ್ತದೆ. ಈ ನಾಡಿನಲ್ಲಿ ಆ ಮಾತಿಗೆ ಎಷ್ಟು ನೆಣ, ಎಷ್ಟು ನಂಜು ಅಂಟಿಕೊಂಡಿದೆ ಎಂದು ಓದುಗರಿಗೆ ವಿವರಿಸಬೇಕಾಗಿಲ್ಲ. ಆದ್ದರಿಂದ ನಾವು ವೀಗನ್ ಎಂಬ ಪರದೇಶಿ ಪದದಲ್ಲೇ ಉಳಿದಿದ್ದೇವೆ. ಅದಕ್ಕೆ ಜಾತಿ ಇಲ್ಲ ಎಂಬುದೇ ಅದರ ಗುಣ.

ನಾವು ಎಂದೆ. ಹನ್ನೆರಡು-ಹದಿನೈದು ಜನರ ಒಂದು ಕೂಟ ಇದು. ತಿಂಗಳಿಗೊಮ್ಮೆ ಯಾರದಾದರೊಬ್ಬರ ಮನೆಯಲ್ಲಿ ಸೇರಿ ಉಣ್ಣುತ್ತೇವೆ. ಹೆಸರಿಲ್ಲ, ನೋಂದಣಿಯಿಲ್ಲ, ಪದಾಧಿಕಾರಿಗಳಿಲ್ಲ. ಉಣ್ಣುವುದಕ್ಕೂ ಒಂದು ಸಂಘ ಬೇಕೆ ಎಂದು ಕೇಳುವವರಿದ್ದಾರೆ. ಬೇಕು. ಒಬ್ಬಂಟಿಯಾಗಿ ಒಂದು ನಿಯಮವನ್ನು ಪಾಲಿಸುವವನು ಮದುವೆ, ಉಪನಯನ, ಬೊಜ್ಜ, ಕಚೇರಿಯ ವಿದಾಯಕೂಟ ಎಲ್ಲೆಡೆಯೂ ವಿವರಣೆ ಕೊಡುತ್ತಲೇ ಇರಬೇಕಾಗುತ್ತದೆ. ಕೊನೆಗೆ ಹಸಿವಿಗಿಂತ ವಿವರಣೆಯೇ ಅವನನ್ನು ದಣಿಸುತ್ತದೆ. ಬಿಟ್ಟುಬಿಟ್ಟವರಲ್ಲಿ ಹೆಚ್ಚಿನವರು ಬಿಟ್ಟದ್ದು ನಾಲಗೆಯ ಚಪಲಕ್ಕಲ್ಲ, ಈ ಒಂಟಿತನಕ್ಕೆ ಎಂದು ನನ್ನ ಅನಿಸಿಕೆ.

ಈ ವಿಷಯದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವುದು ಗಾಂಧೀಜಿ; ಮಹಾತ್ಮರಾದ ಗಾಂಧೀಜಿಯಲ್ಲ, ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ, ಊಟಕ್ಕೆ ಪರದಾಡುತ್ತಿದ್ದ ತರುಣ. 1888ರಲ್ಲಿ ಅಲ್ಲಿಗೆ ಹೋದ ಅವರು ಸಸ್ಯಾಹಾರಿ ಸಂಘವನ್ನು ಸೇರಿ, ಅದರ ಕಾರ್ಯಕಾರಿ ಸಮಿತಿಗೂ ಬಂದರು. ತಾವು ವಾಸವಿದ್ದ ಬೇಸ್‌ವಾಟರ್ ಬಡಾವಣೆಯಲ್ಲಿ ಒಂದು ಪುಟ್ಟ ಸಸ್ಯಾಹಾರಿ ಕ್ಲಬ್ಬನ್ನೂ ಕಟ್ಟಿದರು. ಡಾ. ಓಲ್ಡ್‌ಫೀಲ್ಡ್ ಅದರ ಅಧ್ಯಕ್ಷರು, ಅದೇ ಬಡಾವಣೆಯ ಕವಿ ಸರ್ ಎಡ್ವಿನ್ ಆರ್ನಲ್ಡ್ ಉಪಾಧ್ಯಕ್ಷರು, ಗಾಂಧಿ ಕಾರ್ಯದರ್ಶಿ. ಕ್ಲಬ್ಬು ಕೆಲವೇ ತಿಂಗಳಲ್ಲಿ ಮುಚ್ಚಿತು, ಏಕೆಂದರೆ ಕಾರ್ಯದರ್ಶಿ ಮನೆ ಬದಲಿಸಿದರು! ಇಂಥ ಸಣ್ಣ ಕೂಟಗಳ ಆಯುಷ್ಯ ಒಬ್ಬಿಬ್ಬರ ಉತ್ಸಾಹದ ಮೇಲೆ ನಿಂತಿರುತ್ತದೆ. ಆದರೆ ಸಂಘಟನೆಯ ಮೊದಲ ಪಾಠ ತಮಗೆ ಸಿಕ್ಕಿದ್ದು ಅಲ್ಲಿಯೇ ಎಂದು ಅವರು ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ.

ಅದೇ ಲಂಡನ್ ದಿನಗಳ ಇನ್ನೊಂದು ಪ್ರಸಂಗ ನಮ್ಮ ಊರಿಗೆ ಹೆಚ್ಚು ಪ್ರಸ್ತುತ. ಸಂಘದ ಸದಸ್ಯರಾಗಿದ್ದ ಡಾ. ಆಲಿನ್ಸನ್ ಸಂತಾನ ನಿಯಂತ್ರಣದ ಕೃತಕ ವಿಧಾನಗಳ ಪರ ಪ್ರಚಾರ ಮಾಡುತ್ತಿದ್ದರು. ಅಂಥವರು ಸಂಘದಲ್ಲಿರಬಾರದೆಂದು ಅದರ ಧನಿಕ ಅಧ್ಯಕ್ಷರು ಹಟ ಹಿಡಿದರು. ಗಾಂಧಿಗೆ ಆಲಿನ್ಸನ್ನರ ಅಭಿಪ್ರಾಯ ಒಪ್ಪಿಗೆಯಿರಲಿಲ್ಲ, ಅಧ್ಯಕ್ಷರ ಮೇಲೆ ಗೌರವವೂ ಇತ್ತು. ಆದರೂ ಅವರು ಆಲಿನ್ಸನ್ನರ ಪರ ನಿಂತರು. ಸಂಘದ ಉದ್ದೇಶ ಸಸ್ಯಾಹಾರ. ಸದಸ್ಯನ ಉಳಿದ ನೀತಿ-ನಂಬಿಕೆಗಳನ್ನು ಅಳೆಯುವುದು ಅದರ ಕೆಲಸವಲ್ಲ ಎಂಬುದು ಅವರ ವಾದ. ಸಂಕೋಚದಿಂದ ಬರೆದುಕೊಂಡು ಹೋದ ಆ ವಾದವನ್ನು ಸಭೆಯಲ್ಲಿ ಓದಲೂ ಆಗದೆ ಬೇರೆಯವರಿಂದ ಓದಿಸಬೇಕಾಯಿತು. ಆಲಿನ್ಸನ್ ಸೋತರು. ಮಂಗಳೂರಿನಲ್ಲಿ ವೀಗನ್ ಬಳಗ ಕಟ್ಟುವವರೆಲ್ಲ ಈ ಪುಟವನ್ನೊಮ್ಮೆ ತಿರುವಿಹಾಕುವುದು ಒಳ್ಳೆಯದು.

ಏಕೆ ಎಂದು ಹೇಳುತ್ತೇನೆ. ಗೋವು ನಮ್ಮ ಜಿಲ್ಲೆಯಲ್ಲಿ ಬರಿಯ ಪ್ರಾಣಿಯಲ್ಲ. ಅದರ ಹೆಸರಿನಲ್ಲಿ ರಸ್ತೆಯಲ್ಲಿ ವಾಹನ ತಡೆದ, ಮನುಷ್ಯರನ್ನು ಬಡಿದ ಸುದ್ದಿಗಳನ್ನು ಕರಾವಳಿಯವರು ಓದುತ್ತಲೇ ಬಂದಿದ್ದಾರೆ. ಪ್ರಾಣಿಹಿಂಸೆಯ ವಿರುದ್ಧ ಮಾತನಾಡುವ ಯಾರನ್ನೇ ಆಗಲಿ ಒಂದು ಪಕ್ಷದವರು ತಮ್ಮವರೆಂದು ಅಪ್ಪಿಕೊಳ್ಳುತ್ತಾರೆ, ಇನ್ನೊಂದು ಪಕ್ಷದವರು ಸಂಶಯದಿಂದ ನೋಡುತ್ತಾರೆ. ನಮಗೂ ಒಮ್ಮೆ ಗೋರಕ್ಷಣೆಯ ಮೆರವಣಿಗೆಯೊಂದಕ್ಕೆ ಆಹ್ವಾನ ಬಂದಿತ್ತು. 'ಮೆರವಣಿಗೆಯ ಕೊನೆಗೆ ಮಜ್ಜಿಗೆ ಹಂಚುತ್ತೀರಾ?' ಎಂದು ನಮ್ಮ ಬಳಗದ ಹಿರಿಯರೊಬ್ಬರು ಮುಗ್ಧವಾಗಿ ವಿಚಾರಿಸಿದರು. ಮತ್ತೆ ಆ ಕಡೆಯಿಂದ ಕರೆ ಬರಲಿಲ್ಲ.

ಪ್ರಶ್ನೆ ತಮಾಷೆಯದಲ್ಲ. ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು. ಹುಟ್ಟುವ ಕರುಗಳಲ್ಲಿ ಸುಮಾರು ಅರ್ಧ ಗಂಡು. ಉಳುಮೆ ಯಂತ್ರಕ್ಕೆ ಒಪ್ಪಿಸಿಹೋದ ಮೇಲೆ ಗಂಡುಕರುವಿಗೆ, ಅದರಲ್ಲೂ ಮಿಶ್ರತಳಿಯ ಗಂಡುಕರುವಿಗೆ ಹಟ್ಟಿಯಲ್ಲಿ ಕೆಲಸವಿಲ್ಲ. ಕಂಬಳದ ಗದ್ದೆಯಲ್ಲಿ ಓಡುವುದು ಕೋಣ, ಎತ್ತಲ್ಲ. 2021ರ ಜನವರಿಯಲ್ಲಿ ಜಾರಿಗೆ ಬಂದ ರಾಜ್ಯದ ಕಾಯ್ದೆಯು ಹಸು, ಕರು, ಹೋರಿ, ಎತ್ತುಗಳ ವಧೆಯನ್ನೂ 13 ವರ್ಷದೊಳಗಿನ ಎಮ್ಮೆ-ಕೋಣಗಳ ವಧೆಯನ್ನೂ ನಿಷೇಧಿಸಿತು. ಆದರೆ ಬತ್ತಿದ ಹಸುವನ್ನು, ಬೇಡದ ಕರುವನ್ನು ಹದಿನೈದು-ಇಪ್ಪತ್ತು ವರ್ಷ ಯಾರು ಸಾಕಬೇಕು ಎಂಬುದಕ್ಕೆ ಗೋಶಾಲೆಯೆಂಬ ಉತ್ತರ ಸಾಲುವುದಿಲ್ಲ. ಹೆಣ್ಣುಕರುವೇ ಹುಟ್ಟುವಂತೆ ಲಿಂಗ ವಿಂಗಡಿಸಿದ ವೀರ್ಯನಳಿಕೆಗಳಿಗೆ ಸರ್ಕಾರ ಸಹಾಯಧನ ಕೊಡುತ್ತಿರುವುದೇ ಸಮಸ್ಯೆ ಇರುವುದರ ಒಪ್ಪಿಗೆ. ಹಾಲು ಮತ್ತು ಕಸಾಯಿಖಾನೆ ಒಂದೇ ದಾರದ ಎರಡು ತುದಿಗಳು. ಒಂದು ತುದಿಯನ್ನು ಪೂಜಿಸಿ ಇನ್ನೊಂದು ತುದಿಯಲ್ಲಿರುವವನನ್ನು ಹೊಡೆಯುವುದು ಯಾವ ನ್ಯಾಯವೋ ನನಗೆ ತಿಳಿಯದು.

ಹಾಗೆಂದು ಕುಲಶೇಖರದ ಹಾಲು ಒಕ್ಕೂಟದ ಡೇರಿಗೆ ಹಾಲು ಹೋಗುವ ಹಳ್ಳಿಗಳತ್ತ ಬೆರಳು ತೋರಿಸುವುದು ನನ್ನ ಉದ್ದೇಶವಲ್ಲ. ಎರಡು ಹಸು ಕಟ್ಟಿ, ನಸುಕಿನಲ್ಲೆದ್ದು ಹುಲ್ಲು ಹೆರೆದು, ಸೊಸೈಟಿಯ ಹಣದಲ್ಲಿ ಮಕ್ಕಳ ಶಾಲೆಯ ಖರ್ಚು ನಿಭಾಯಿಸುವ ಬಂಟ್ವಾಳ, ಬೆಳ್ತಂಗಡಿಯ ಹೆಂಗಸಿಗೆ ನಗರದ ಫ್ಲ್ಯಾಟಿನಲ್ಲಿ ಕುಳಿತು ಬಾದಾಮಿ ಹಾಲು ಕುಡಿಯುವವರು ನೀತಿ ಬೋಧಿಸುವುದು ಅಸಹ್ಯ. ಅವಳ ಬದುಕಿಗೆ ಬೇರೆ ಆಧಾರ ತೋರಿಸದ ಹೊರತು ನಮ್ಮ ಮಾತು ಅರ್ಧ ಮಾತೇ. ಮೀನುಗಾರಿಕೆಗೂ ಇದೇ ಅನ್ವಯಿಸುತ್ತದೆ. ನಮ್ಮ ಕೂಟಕ್ಕೆ ಬರುವ ತರುಣನೊಬ್ಬ ಮೊಗವೀರ ಮನೆತನದವನು, ತಂದೆ ಇಂದಿಗೂ ದಕ್ಕೆಯಲ್ಲಿ ದುಡಿಯುವವರು. ಅವನು ಮೀನು ಬಿಟ್ಟಿದ್ದಾನೆ, ಮನೆ ಬಿಟ್ಟಿಲ್ಲ. ಬಲೆ ಹೆಣೆಯುವುದಕ್ಕೆ ಈಗಲೂ ತಂದೆಯ ಪಕ್ಕದಲ್ಲಿ ಕೂರುತ್ತಾನೆ. ತರ್ಕಕ್ಕೆ ಇದು ವಿರೋಧಾಭಾಸವಾಗಿ ಕಾಣಬಹುದು. ಅವನ ತಾಯಿಗೆ ಹಾಗೆ ಕಾಣುವುದಿಲ್ಲ. ಮೀನಿನ ಸಾರಿಗೆಂದು ಅರೆದ ಮಸಾಲೆಯಲ್ಲಿ ಒಂದು ಪಾಲನ್ನು ಮೊದಲೇ ತೆಗೆದಿಟ್ಟು ಅವನಿಗೆ ಅಂಬಟೆಯ ಗಸಿ ಮಾಡುತ್ತಾಳೆ.

ಊಟದ ಮಾತಿಗೆ ಬಂದೆ. ವೀಗನ್ ಎಂದರೆ ಅಮದು ಮಾಡಿಕೊಂಡ ಚೀಸು, ಪೊಟ್ಟಣದ ಓಟ್ಸ್ ಹಾಲು, ಸೋಯಾದ ಸೋಗಿನ ಮಾಂಸ ಎಂದು ತಿಳಿದವರಿಗೆ ಈ ಕರಾವಳಿಯ ಅಡುಗೆಮನೆಯನ್ನು ತೋರಿಸಬೇಕು. ಇಲ್ಲಿ ಹಾಲು ಎಂಬ ಶಬ್ದಕ್ಕೆ ಹಿಂದಿನಿಂದಲೂ ಎರಡರ್ಥ. ಕಾಯಿಹಾಲಿಲ್ಲದೆ ನಮ್ಮ ಪಾಯಸಗಳಲ್ಲಿ ಅರ್ಧದಷ್ಟು ಇಲ್ಲವೇ ಇಲ್ಲ. ನೀರುದೋಸೆ-ಕಾಯಿಬೆಲ್ಲ, ಕೇದಗೆಯ ಓಲೆಯ ಮೂಡೆ, ಹಲಸಿನೆಲೆಯ ಕೊಟ್ಟೆ, ಕೆಸುವಿನ ಪತ್ರೊಡೆ, ಕೊಂಕಣಿಗರ ತೆಂಗಿನೆಣ್ಣೆ ಒಗ್ಗರಣೆಯ ದಾಳಿತೋವೆ, ತೊಂಡೆಕಾಯಿ ಮತ್ತು ಹಸಿ ಗೇರುಬೀಜದ ಉಪ್ಕರಿ, ಬ್ಯಾರಿಗಳ ಅಕ್ಕಿ ರೊಟ್ಟಿ, ಕ್ರಿಸ್ತಪರ್ವಕ್ಕೆ ಹಂಚುವ ಕುಸ್ವಾರ್‌ನೊಳಗಿನ ನೆವ್ರಿ. ಇವುಗಳಲ್ಲಿ ಯಾವುದನ್ನೂ ನಾವು ಕಂಡುಹಿಡಿಯಬೇಕಾಗಿ ಬರಲಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು, ವರ್ಷವಿಡೀ ಮಾಂಸ ಬೇಯುವ ಕ್ಯಾಥೊಲಿಕ್ ಮನೆಗಳಲ್ಲಿ ಬಾಳೆಲೆ ಹಾಸಿ ಬರಿಯ ತರಕಾರಿಯ ಊಟ ಬಡಿಸುತ್ತಾರೆ. ಆಟಿಯ ತಿಂಗಳಿನ ಕಣಿಲೆ, ತಜಂಕುಗಳಿಗೆ ಜಾತಿಯ ಹಂಗಿಲ್ಲ. ನಮ್ಮ ಕೂಟದ ನಿಜವಾದ ಸಂತೋಷ ಇರುವುದು ಇಲ್ಲಿಯೇ: ನೆರೆಮನೆಯವರಾಗಿ ಮೂವತ್ತು ವರ್ಷ ಬಾಳಿದರೂ ಒಬ್ಬರ ಅಡುಗೆಯನ್ನು ಇನ್ನೊಬ್ಬರು ಮುಟ್ಟದಿದ್ದವರು ಒಂದೇ ಪಂಕ್ತಿಯಲ್ಲಿ ಕುಳಿತು, ಪಾತ್ರೆಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಯಾರಿಗೂ ಅನುಮಾನ ಪಡಲು ಅಲ್ಲಿ ಏನೂ ಇರುವುದಿಲ್ಲ.

ಹೋಟೆಲುಗಳ ಕಥೆ ಬೇರೆ. ಬನ್ಸ್‌ಗೂ ಗೋಳಿಬಜೆಗೂ ಮೊಸರು ಬಿದ್ದಿರುತ್ತದೆ, ದೋಸೆಯ ಮೇಲೆ ಹೇಳುವ ಮೊದಲೇ ತುಪ್ಪ ಇಳಿದಿರುತ್ತದೆ. ಪೊಟ್ಟಣಗಳ ಮೇಲಿನ ಹಸಿರು ಚುಕ್ಕಿ ಹಾಲನ್ನು ಸಸ್ಯಾಹಾರವೆಂದೇ ಎಣಿಸುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮಾವಳಿ ಹೊರಡಿಸಿ, ಹಸಿರು ಚೌಕದೊಳಗೆ ಚಿಗುರೊಡೆದ ಅಕ್ಷರವೊಂದರ ಮುದ್ರೆಯನ್ನು ಗೊತ್ತುಪಡಿಸಿದೆ. ಅದು ಇನ್ನೂ ನಮ್ಮ ಬೀದಿಯ ಜೀನಸಿನ ಅಂಗಡಿಯವರೆಗೆ ನಡೆದುಬಂದಿಲ್ಲ. ಸದ್ಯಕ್ಕೆ ಕಣ್ಣ ಚಾಯ ಕೇಳಿ ಕುಡಿಯುವುದೇ ಕ್ಷೇಮ.

ಒಂದು ಎಚ್ಚರಿಕೆಯನ್ನಂತೂ ಹೊಸಬರಿಗೆ ಮೊದಲ ದಿನವೇ ಹೇಳುತ್ತೇವೆ. ಬಿ-12 ಜೀವಸತ್ವವನ್ನು ತಯಾರಿಸುವುದು ಸೂಕ್ಷ್ಮಾಣುಗಳು. ಸೊಪ್ಪು-ಕಾಳುಗಳಲ್ಲಿ ನಂಬಬಹುದಾದಷ್ಟು ಅದು ಇಲ್ಲ. ಮಾತ್ರೆ ತೆಗೆದುಕೊಳ್ಳಲೇಬೇಕು. ಪ್ರಕೃತಿಯೇ ಎಲ್ಲವನ್ನೂ ಕೊಡುತ್ತದೆ ಎಂದು ವಾದಿಸುತ್ತ ಕೈಕಾಲು ಜೋಮು ಹಿಡಿಸಿಕೊಳ್ಳುವ ವೀರರ ಮೇಲೆ ನನಗೆ ಮರುಕವಿಲ್ಲ. ಸುಣ್ಣದಂಶಕ್ಕೆ ರಾಗಿ, ಎಳ್ಳು ಇವೆ. ನೂರು ಗ್ರಾಂ ರಾಗಿಯಲ್ಲಿ ಅಷ್ಟೇ ಹಸುವಿನ ಹಾಲಿನಲ್ಲಿರುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕ್ಯಾಲ್ಸಿಯಂ ಇದೆ.

ಗಾಂಧೀಜಿ 1912ರಲ್ಲಿ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಹಾಲು ಬಿಟ್ಟಿದ್ದರು. ಕಾರಣಗಳಲ್ಲಿ ಒಂದು, ಕಲ್ಕತ್ತದ ಹಟ್ಟಿಗಳಲ್ಲಿ ಹಸುಗಳಿಗೆ ಕೊಡುತ್ತಿದ್ದ ಹಿಂಸೆಯ ವರದಿ. ಖೇಡಾ ಸತ್ಯಾಗ್ರಹದ ನಂತರ ಆಮಶಂಕೆಯಿಂದ ಸಾವಿನ ಹತ್ತಿರ ಹೋದಾಗ, ವ್ರತ ತೊಡುವಾಗ ಮನಸ್ಸಿನಲ್ಲಿದ್ದುದು ಹಸು-ಎಮ್ಮೆಗಳಷ್ಟೇ ಎಂಬ ಸಮಾಧಾನದೊಡನೆ ಆಡಿನ ಹಾಲು ಕುಡಿದರು. ಅಕ್ಷರ ಉಳಿಯಿತು, ಆತ್ಮ ಉಳಿಯಲಿಲ್ಲ ಎಂಬ ಅಳುಕು ಅವರನ್ನು ಕಾಡುತ್ತಲೇ ಇತ್ತು. 1931ರಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಭೆಗೆ ಮತ್ತೆ ಹೋದಾಗ, ಕೇವಲ ಆರೋಗ್ಯಕ್ಕಾಗಿ ಬಂದವರು ಹೆಚ್ಚು ಕಾಲ ನಿಲ್ಲುವುದಿಲ್ಲ, ನೈತಿಕ ಆಧಾರ ಬೇಕು ಎಂದು ಹೇಳಿದರು. ನನ್ನ ಅನುಭವವೂ ಅದೇ. ರಕ್ತದೊತ್ತಡ ಇಳಿದೊಡನೆ ನಮ್ಮ ಕೂಟದಿಂದ ಇಬ್ಬರು ಮೆಲ್ಲನೆ ಗಡ್‌ಬಡ್ ಐಸ್‌ಕ್ರೀಮಿನ ಕಡೆಗೆ ಜಾರಿದರು. ಕೂಟದ ಬಾಗಿಲು ಅವರಿಗೆ ಈಗಲೂ ತೆರೆದೇ ಇದೆ.

ಇಷ್ಟಕ್ಕೂ ನಾವು ಮಾದರಿಯಾಗಿ ನೋಡುವುದು ಇಂಗ್ಲೆಂಡಿನ ಸಂಘವನ್ನಲ್ಲ, ಇದೇ ನಗರದ ಸಾವಯವ ಕೃಷಿಕ ಗ್ರಾಹಕ ಬಳಗವನ್ನು. ಪಂಜೆ ಮಂಗೇಶ ರಾವ್ ರಸ್ತೆಯಲ್ಲಿ ಅವರು ಕಟ್ಟಿದ ಭಾನುವಾರದ ಸಂತೆ, ಬೆಳೆಯುವವರನ್ನೂ ಉಣ್ಣುವವರನ್ನೂ ಮುಖಾಮುಖಿ ಮಾಡಿತು. ಪುತ್ತೂರಿನಿಂದ 1988ರಿಂದ ಹೊರಬರುತ್ತಿರುವ 'ಅಡಿಕೆ ಪತ್ರಿಕೆ'ಯೂ ಅದರ ಸಂಪಾದಕ ಶ್ರೀ ಪಡ್ರೆಯವರೂ ಹಿತ್ತಲಲ್ಲಿ ಕೊಳೆಯುತ್ತಿದ್ದ ಹಲಸಿಗೆ ಮಾನ ತಂದುಕೊಟ್ಟ ಬಗೆಯೂ ಕಣ್ಣ ಮುಂದಿದೆ. ಇವರು ಯಾರೂ ವೀಗನ್ ಪ್ರಚಾರಕರಲ್ಲ. ಆದರೆ ಎಳೆ ಗುಜ್ಜೆಗೆ ಒಳ್ಳೆಯ ಬೆಲೆ, ಕಾಯಿಹಾಲಿಗೆ ಒಂದು ಸ್ಥಳೀಯ ಮಾರುಕಟ್ಟೆ ಹುಟ್ಟಿದರೆ ಹಟ್ಟಿಯ ಪಕ್ಕದಲ್ಲೇ ಆ ಹೆಂಗಸಿಗೆ ಇನ್ನೊಂದು ಆದಾಯ ಸಿಕ್ಕೀತು. ನಮ್ಮ ಅರ್ಧ ಮಾತು ಪೂರ್ತಿಯಾಗುವ ದಾರಿ ಅದು.

ಬರುವ ತಿಂಗಳು ನಮ್ಮಲ್ಲೊಬ್ಬಳ ಮದುವೆ. ಅಡುಗೆಯವರೊಡನೆ ಮೂರು ಸುತ್ತಿನ ಮಾತುಕತೆ ನಡೆದಿದೆ. ಪಾಯಸ ಕಾಯಿಹಾಲಿನದೇ ಎಂದು ಅವರು ಒಪ್ಪಿದ್ದಾರೆ, ಹೋಳಿಗೆಯನ್ನು ಎಣ್ಣೆಯಲ್ಲಿ ಬೇಯಿಸುವುದಕ್ಕೂ ಒಪ್ಪಿದ್ದಾರೆ. ಆದರೆ ಅನ್ನಕ್ಕೆ ತುಪ್ಪ ಬಡಿಸದಿದ್ದರೆ ಊಟವೆನಿಸುವುದಿಲ್ಲ ಎಂದು ವರನ ಅಜ್ಜಿ ಪಟ್ಟು ಹಿಡಿದಿದ್ದಾರೆ. ತುಪ್ಪದ ಪಾತ್ರೆಯನ್ನು ಪಂಕ್ತಿಯ ಕೊನೆಯಲ್ಲಿ ಬೇರೆಯಾಗಿ, ಕೇಳಿದವರಿಗಷ್ಟೇ ಬಡಿಸುವುದೆಂದು ತೀರ್ಮಾನವಾಗಿದೆ. ಮದುಮಗಳು ಅಜ್ಜಿಯ ಎಲೆಗೆ ತಾನೇ ಬಡಿಸುತ್ತೇನೆ ಎಂದಿದ್ದಾಳೆ.