ಸೀಟು ಬರುವ ತಿಂಗಳು, ಕೈ ಬರಿದಾದ ತಿಂಗಳು

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ತಮ್ಮ ಮಗಳನ್ನು ಬೈಲಹೊಂಗಲ ತಾಲ್ಲೂಕಿನ ಹಳ್ಳಿಯೊಂದಕ್ಕೆ ಕೊಟ್ಟಿದ್ದಾರೆ. ಕಳೆದ ಬೇಸಿಗೆಯಲ್ಲಿ ಸವದತ್ತಿ ಯಲ್ಲಮ್ಮನ ದರ್ಶನಕ್ಕೆ ಹೊರಟ ಅವರ ಜೊತೆ ನಾವೂ ಹೋಗಿ, ಆ ಬೀಗರ ಮನೆಯಲ್ಲಿ ಎರಡು ದಿನ ತಂಗಿದ್ದೆವು. ಅಲ್ಲಿ ಅಡಿಕೆಯಿಲ್ಲ, ಕಾಫಿಯಿಲ್ಲ. ಎರೆಹೊಲದಲ್ಲಿ ಹತ್ತಿ, ಜೋಳ, ಕಡಲೆ. ಆದರೆ ಊಟಕ್ಕೆ ಕುಳಿತಾಗ ಬಂದ ಮಾತು ಮಾತ್ರ ನಮ್ಮ ಮನೆಗಳದೇ. ಮಗ ಪಿ.ಯು.ಸಿ. ಮುಗಿಸಿ ಸಿ.ಇ.ಟಿ. ಬರೆದಿದ್ದಾನೆ, ಮುಂದೇನು?

"ರೊಕ್ಕ ಬರೂದು ಒಂದ್ ಕಾಲಕ್ಕ, ಫೀ ಕಟ್ಟೂದು ಇನ್ನೊಂದ್ ಕಾಲಕ್ಕರೀ ಮಾವಾರ" ಎಂದರು ಹುಡುಗನ ತಂದೆ. ನಮ್ಮ ಸದಸ್ಯರು ನಕ್ಕರು. ಕಾಫಿಯ ಹಣ ಬೇಸಿಗೆಗೆ ಮುಂಚೆ ಬಂದು ಕರಗಿರುತ್ತದೆ. ಸೀಟು ಹಂಚುವ ಮಳೆಗಾಲದಲ್ಲಿ ನಾವು ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವವರ ಕೂಲಿ ಎಂದು ಪರದಾಡುತ್ತಿರುತ್ತೇವೆ. ಅವರಿಗೆ ಅದೇ ಹೊತ್ತಿಗೆ ಬೀಜ, ಗೊಬ್ಬರ.

ಆ ಮನೆಯ ಹಿರಿಯ ಮಗಳ ಕಥೆ ಕೇಳಿದ ಮೇಲೆ ಇದನ್ನು ಬರೆಯಲೇಬೇಕೆನಿಸಿತು. ಎರಡು ವರ್ಷದ ಹಿಂದೆ ಆಕೆ ತೋಟಗಾರಿಕೆ ಓದುತ್ತೇನೆಂದಳು. ಅವರಿಗೆ ಹತ್ತಿರದ ಕಾಲೇಜು ಅರಭಾವಿಯದು. ಕಿತ್ತೂರು ರಾಣಿ ಚೆನ್ನಮ್ಮನ ಹೆಸರಿನದು, 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ತಂದೆಗೆ ಇಂಜಿನಿಯರಿಂಗ್ ಆಸೆ. ಪಟ್ಟಿಯಲ್ಲಿ ಮೇಲೆ ಇಂಜಿನಿಯರಿಂಗ್ ಕಾಲೇಜುಗಳನ್ನೂ ಕೆಳಗೆ ತೋಟಗಾರಿಕೆಯನ್ನೂ ಬರೆಸಿದರು. ಮೊದಲ ಸುತ್ತಿನಲ್ಲಿ ಅರಭಾವಿಯೇ ಬಂತು. ಇನ್ನೂ ಒಳ್ಳೆಯದು ಸಿಕ್ಕೀತೆಂದು ತಂದೆ ಮೂರನೆಯ ಆಯ್ಕೆ ಒತ್ತಿಸಿದರು. ಎರಡನೆಯ ಸುತ್ತಿನಲ್ಲಿ ಏನೂ ಬರಲಿಲ್ಲ.

ಸದಸ್ಯ ಬಾಂಧವರು ಇಲ್ಲಿ ಸ್ವಲ್ಪ ನಿಧಾನಿಸಬೇಕು. ಸೀಟು ಬಂದ ಮೇಲೆ ಪರೀಕ್ಷಾ ಪ್ರಾಧಿಕಾರ ನಾಲ್ಕು ಆಯ್ಕೆ ಕೊಡುತ್ತದೆ. ಒಂದನೆಯದು, ಈ ಸೀಟು ಸಾಕು, ಸೇರುತ್ತೇನೆ ಎಂದು. ಎರಡನೆಯದು, ಇದು ಇರಲಿ, ಮೇಲಿನದು ಸಿಕ್ಕರೆ ಅದಕ್ಕೆ ಹೋಗುತ್ತೇನೆ ಎಂದು. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ ಎಂದು. ನಾಲ್ಕನೆಯದು, ಯಾವುದೂ ಬೇಡ ಎಂದು. ಎರಡಕ್ಕೂ ಮೂರಕ್ಕೂ ಇರುವ ಅಂತರ ಕೈಯಲ್ಲಿರುವ ಸೀಟು. ಆ ತಂದೆ ಮೂರನ್ನು ಎರಡೆಂದು ತಿಳಿದಿದ್ದರು. ಶುಲ್ಕ ಯಾವ ಆಯ್ಕೆಗೆ ಯಾವಾಗ ಎಂಬ ನಿಯಮ ಆಗಾಗ ಬದಲಾಗುವುದುಂಟು. ಆಯಾ ವರ್ಷದ ಸೂಚನೆಯನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ ಕೇಳುವುದು ಒಳ್ಳೆಯದು. ಇಂಜಿನಿಯರಿಂಗಿಗೆ ಪಿ.ಯು.ಸಿ. ಅಂಕಕ್ಕೆ ಅರ್ಧ, ಸಿ.ಇ.ಟಿ. ಅಂಕಕ್ಕೆ ಅರ್ಧ ತೂಕ. ಕಾಲೇಜಿನ ಪರೀಕ್ಷೆಯನ್ನು ಹಗುರವಾಗಿ ಕಾಣುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿರಬೇಕು.

ಆ ಹುಡುಗಿಗೆ ಇನ್ನೊಂದು ದಾರಿಯಿತ್ತು. ಕೃಷಿ, ತೋಟಗಾರಿಕೆ, ಅರಣ್ಯ ಪದವಿಗಳಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಸೀಟುಗಳಿವೆ. ಬಹುಕಾಲ ಅವು ನೂರಕ್ಕೆ 40 ಇದ್ದವು, ನಂತರ 50ಕ್ಕೆ ಏರಿದವು. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯುಂಟು. ಹೊಲ ತೋಟದಲ್ಲಿ ಓಡಾಡಿದ ಮಗು ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಕೃಷಿಕರೆಂಬ ಪ್ರಮಾಣಪತ್ರ ಬೇಕಲ್ಲ! ಉತಾರ ಅಜ್ಜನ ಹೆಸರಿನಲ್ಲಿತ್ತು, ವಾಟ್ನಿ ಆಗಿರಲಿಲ್ಲ. ಕಾಗದ ಕೂಡಿಸುವಷ್ಟರಲ್ಲಿ ಗಡುವು ಮುಗಿದಿತ್ತು. ನಮ್ಮಲ್ಲಿಯೂ ಅಣ್ಣತಮ್ಮಂದಿರ ಜಂಟಿ ಪಹಣಿಯ ತೋಟಗಳು ಎಷ್ಟಿಲ್ಲ?

2021ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ರೈತ ವಿದ್ಯಾನಿಧಿಯಲ್ಲೂ ಅದೇ ತೊಡಕು. ಬಿ.ಎ., ಬಿ.ಎಸ್‌ಸಿ. ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500. ಇಂಜಿನಿಯರಿಂಗ್, ವೈದ್ಯಕೀಯದವರಿಗೆ 10,000 ಮತ್ತು 11,000 ರೂಪಾಯಿ ಎಂದು ಆಗ ನಿಗದಿಯಾಗಿತ್ತು. ಅದು ತಂದೆ ಇಲ್ಲವೆ ತಾಯಿಯ ಫ್ರೂಟ್ಸ್ ಸಂಖ್ಯೆಯನ್ನು ಹಿಡಿದು ಬರುವಂಥದು; ಫ್ರೂಟ್ಸ್ ಸಂಖ್ಯೆ ಪಹಣಿಯನ್ನು ಹಿಡಿದು ಬರುವಂಥದು. ಆ ಮನೆಗೆ ಒಂದು ರೂಪಾಯಿಯೂ ಬರಲಿಲ್ಲ. ಈ ವರ್ಷದ ಸ್ಥಿತಿಯನ್ನು ಸದಸ್ಯರು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಕೊಳ್ಳಬೇಕು.

ಮರುದಿನ ಯಲ್ಲಮ್ಮನ ಗುಡ್ಡ ಇಳಿದು ಸಿರಸಂಗಿಗೆ ಹೋದೆವು. ಸವದತ್ತಿ ತಾಲ್ಲೂಕಿನ ಈ ಊರಿನ ದೇಸಾಯಿ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ಓದಿಗೆಂದು ಬರೆದಿಟ್ಟಿದ್ದರು. ಕಾಲೇಜೆಂದರೆ ಪುಣೆ, ಮುಂಬಯಿ ಎಂದಿದ್ದ ಕಾಲವದು. ಆ ನಿಧಿಯ ವಿದ್ಯಾರ್ಥಿವೇತನದಿಂದ ಓದಿದವರು ಮುಂದೆ ಈ ಸೀಮೆಯ ಶಾಲೆ ಕಾಲೇಜುಗಳನ್ನು ಕಟ್ಟಲು ನಿಂತರು. 1916ರಲ್ಲಿ ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಆರಂಭಿಸಿದರು, 1933ರಲ್ಲಿ ಅದು ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟರು. ಈಗ ಸಹಾಯವು ಹತ್ತು ಕಡೆ ಹಂಚಿಹೋಗಿದೆ. ಪ್ರತಿಯೊಂದಕ್ಕೂ ಒಂದೊಂದು ಕಾಗದ, ಒಂದೊಂದು ಕೊನೆಯ ದಿನ.

ಗ್ರಾಮೀಣ ಮೀಸಲಾತಿಯನ್ನೇ ನೋಡಿ. ನೂರಕ್ಕೆ 15 ಸೀಟು. ಒಂದರಿಂದ ಹತ್ತನೆಯ ತರಗತಿಯವರೆಗೆ ಹತ್ತು ವರ್ಷವೂ ಹಳ್ಳಿಯ ಶಾಲೆಯಲ್ಲಿ ಓದಿರಬೇಕು. ಒಳ್ಳೆಯ ಇಂಗ್ಲಿಷಿಗೆಂದು ಎಂಟನೆಯ ತರಗತಿಗೆ ಮಗುವನ್ನು ಪಟ್ಟಣಕ್ಕೆ ಕಳಿಸುವ ಬೆಳೆಗಾರರು ಈ ಲೆಕ್ಕವನ್ನೂ ಹಾಕಿಕೊಂಡೇ ಕಳಿಸಲಿ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಬೇರೆಯೇ ಇದೆ.

ರಾಮದುರ್ಗದಿಂದ ಬಂದಿದ್ದ ನೆಂಟರೊಬ್ಬರು, ನೇಕಾರರು, ಸಾಲದ ಮಾತೆತ್ತಿದರು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ ಏಳೂವರೆ ಲಕ್ಷದವರೆಗೆ ಆಸ್ತಿ ಅಡವಿಡಬೇಕಾಗಿಲ್ಲ. ನಾಲ್ಕು ಲಕ್ಷದವರೆಗೆ ಕೈಯಿಂದ ಪಾಲು ಹಾಕಬೇಕಾಗಿಲ್ಲ. ಕಂತು ಆರಂಭವಾಗುವುದು ಓದು ಮುಗಿದು ಒಂದು ವರ್ಷದ ಮೇಲೆ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತದೆ. "ಮಗ್ಗದ ಕೂಲಿ ಬಂದಾಗೆಲ್ಲ ಬಡ್ಡಿ ತುಂಬಿಬಿಟ್ಟೆರಿ, ಹುಡುಗ ನೌಕರಿ ಹತ್ತಿದಾಗ ಅಸಲಷ್ಟ ಉಳೀತು" ಎಂದರು ಅವರು. ಅಡಿಕೆ ಮಾರಿದ ದಿನವೇ ಆ ವರ್ಷದ ಬಡ್ಡಿಯನ್ನು ತೆಗೆದಿಡುವುದು ನಮಗೂ ಕಷ್ಟವಲ್ಲ. ತೋಟ ಅಡವಿಟ್ಟು ಕೈಸಾಲ ಮಾಡುವ ಮೊದಲು ಬ್ಯಾಂಕಿಗೊಮ್ಮೆ ಹೋಗಿಬರಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಹೊರಡುವ ದಿನ ಬೆಳಿಗ್ಗೆ ಹುಡುಗಿ, ಈಗ ಊರ ಸಮೀಪದ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಿರುವವಳು, ತಮ್ಮನನ್ನು ಕೂರಿಸಿಕೊಂಡು ನೋಟುಬುಕ್ಕಿನಲ್ಲಿ ಕಾಲೇಜುಗಳ ಪಟ್ಟಿ ಬರೆಯುತ್ತಿದ್ದಳು. ಪ್ರತಿ ಹೆಸರಿನ ಮುಂದೆ ಫೀ, ಹಾಸ್ಟೆಲು, ಬಸ್ಸಿನ ಖರ್ಚು. "ಅಪ್ಪಾ, ಈ ಸಲ ಬಟನ್ ನಾ ಒತ್ತತೀನಿ" ಎಂದಳು. ತಂದೆ ತಲೆಯೆತ್ತಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜ ರುಮಾಲು ಸುತ್ತಿಕೊಳ್ಳುತ್ತ, "ತಲಾಠಿ ಇವತ್ತ ಸಿಗತಾನೇನು ನೋಡ್ರಿ, ಉತಾರದ ಕೆಲಸ ಮುಗಿಸೂಣು" ಎಂದರು. ನಮ್ಮ ಜೀಪಿನಲ್ಲೇ ಅವರನ್ನು ಕೂರಿಸಿಕೊಂಡು ಬೈಲಹೊಂಗಲದವರೆಗೆ ಬಂದೆವು.