ಉಸಿರು ಕಟ್ಟಿದರೂ ಬದುಕುವ ಪುಡಿ

ಬಂತು! ಒಂದೇ ಒಂದು ಗುಳ್ಳೆ. ನಳಿಗೆಯ ತುದಿಯಲ್ಲಿ ಸಾಸಿವೆಯಷ್ಟಾಗಿ ಊದಿ, ಅರೆಗಳಿಗೆ ಅಳುಕಿ, ಬುಳಕ್ಕೆಂದು ಸುಣ್ಣದ ತಿಳಿನೀರಿಗೆ ಹಾರಿತು. ಹಿಂದೆಯೇ ಇನ್ನೊಂದು, ಮತ್ತೊಂದು! ಹತ್ತನೇ ತರಗತಿಯ ಮಕ್ಕಳ ನಡುವೆ ನಾನೂ ಮೇಜಿಗೆ ಮೂಗು ತಾಗಿಸಿ ಕೂತಿದ್ದೆ. ನೋಡನೋಡುತ್ತ ಕನ್ನಡಿಯಂಥ ನೀರು ಅಕ್ಕಿ ತೊಳೆದ ನೀರಿನಂತಾಯಿತು.

ಸಾಮಾನಾದರೂ ಏನು ಮಹಾ? ಬೇಕರಿಯವರು ಬನ್ನಿಗೆ ಹಾಕುವ ಒಣ ಯೀಸ್ಟ್, ಕುದಿಸಿ ಉಗುರುಬೆಚ್ಚಗೆ ಆರಿಸಿದ ಸಕ್ಕರೆ ನೀರು, ಗಾಳಿ ಹೊಗದಂತೆ ಮೇಲೊಂದು ಪದರ ಎಣ್ಣೆ, ತೂತಿನ ಬಿರಡೆ. (ಮೊದಲು ಬಿರಡೆ ಸಡಿಲಾಗಿ ಅರ್ಧ ಗಂಟೆ ಸುಮ್ಮನೆ ಕಾದೆವು. ಮೇಣ ಮೆತ್ತಿದ ಮೇಲೆ ದಾರಿಗೆ ಬಂತು.) ಆ ಕಂದು ಪುಡಿಯ ಕಾಳುಕಾಳೂ ನಿದ್ದೆಹೋದ ಜೀವಕೋಶಗಳ ಗಂಟು! ಗಾಳಿ ಸಿಗದಿದ್ದರೆ ಇವು ಸಾಯುವುದಿಲ್ಲ, ಸಕ್ಕರೆ ಮುರಿದುಕೊಂಡು ಬದುಕುತ್ತವೆ. 180 ಗ್ರಾಂ ಗ್ಲೂಕೋಸ್ ಪೂರ್ತಿ ಮುರಿದರೆ ಲೆಕ್ಕಕ್ಕೆ 92 ಗ್ರಾಂ ಆಲ್ಕೋಹಾಲ್, 88 ಗ್ರಾಂ ಇಂಗಾಲದ ಡೈಆಕ್ಸೈಡ್. ಹೆಚ್ಚುಕಡಿಮೆ ಅರ್ಧ ಸಕ್ಕರೆ ಗುಳ್ಳೆಯಾಗಿ ಹೊರಟುಹೋಗುತ್ತದೆ! ನಸುಕಿನ ಸಿಹಿ ನೀರಾ ಬಿಸಿಲೇರುವಷ್ಟರಲ್ಲಿ ನೊರೆಯೆದ್ದು ಹೆಂಡವಾಗುವುದೂ ಈ ಬಳಗದ ಕೈವಾಡವೇ.

"ಮಿಸ್, ಯೀಸ್ಟ್ ಸತ್ತುಹೋದ್ರೆ ಗುಳ್ಳೆ ಬರಲ್ವಾ?" ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು.

ಎಂಥ ಪ್ರಶ್ನೆ! ಪಂಡಿತರು ದಶಕಗಟ್ಟಲೆ ಜಗಳವಾಡಿದ್ದು ಇದಕ್ಕೇ. ಜೀವವಿಲ್ಲದೆ ಹುದುಗುವುದಿಲ್ಲ ಎಂದಿದ್ದರು ಲೂಯಿ ಪಾಶ್ಚರ್. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಬಯಲು ಮಾಡಿದ್ದೇ ಬೇರೆ. ಯೀಸ್ಟನ್ನು ಮರಳು ಸೇರಿಸಿ ಅರೆದು, ಹಿಂಡಿ, ರಸ ತೆಗೆದಿದ್ದರು. ಕೆಡದಿರಲೆಂದು, ಮುರಬ್ಬಕ್ಕೆ ಹಾಕುವ ಹಾಗೆ, ಅದಕ್ಕೆ ಸಕ್ಕರೆ ಸುರಿದರು. ಗುಳ್ಳೆ! ಬದುಕಿದ ಕೋಶವಿಲ್ಲ, ಆದರೂ ಗುಳ್ಳೆ! ಕೋಶ ಒಡೆದರೂ ಅದರೊಳಗಿನ ಕಿಣ್ವಗಳು ಕೆಲಸ ನಿಲ್ಲಿಸಿರಲಿಲ್ಲ. ಬುಕ್ನರ್‌ಗೆ 1907ರ ರಸಾಯನಶಾಸ್ತ್ರದ ನೊಬೆಲ್ ತಂದುಕೊಟ್ಟದ್ದು ಈ ಶೋಧವೇ. ನನ್ನನ್ನು ಕೇಳಿದರೆ, ಅಂದು ಆ ಹುಡುಗಿಗೂ ಒಂದು ಕೊಡಬಹುದಿತ್ತು.

ಮೂರನೆಯ ದಿನ ಮಿಸ್ ನಮ್ಮ ದ್ರಾವಣವನ್ನು ಸೋಸಿ, ಬಟ್ಟಿಯಿಳಿಸಿದರು. ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುವುದರಿಂದ ಮೊದಲ ಹನಿಗಳಲ್ಲೇ ಅದು ಹೆಚ್ಚು. ಆ ಹನಿಗಳಿಗೆ ಅಯೋಡಿನ್, ಕಾಸ್ಟಿಕ್ ಸೋಡಾ ಬೆರೆಸಿ ತುಸು ಬೆಚ್ಚಗೆ ಮಾಡಿದ್ದೇ ತಡ, ಅರಿಸಿನದ ಬಣ್ಣದ ಗಸಿ, ಘಮ್ಮೆಂದು ಹಳೇ ಆಸ್ಪತ್ರೆಯ ವಾಸನೆ! ಅಯೋಡೋಫಾರ್ಮ್! ಸಕ್ಕರೆ ನೀರು ಆಲ್ಕೋಹಾಲ್ ಆಗಿದ್ದಕ್ಕೆ ಮೂಗೇ ಸಾಕ್ಷಿ.

ಮನೆಯಲ್ಲಿ ಗುಳ್ಳೆ ಎಬ್ಬಿಸಿ ನೋಡುವವರು ಎರಡು ಮಾತು ಕೇಳಿಸಿಕೊಳ್ಳಿ: ರುಚಿ ನೋಡಬೇಡಿ, ಬಾಟಲಿಯ ಮುಚ್ಚಳ ಬಿಗಿಯಬೇಡಿ. ಸಿಡಿಯುತ್ತದೆ.