ಬಣ್ಣ ಅಳೆಯುವ ಕಣ್ಣಿಗೂ ಬೇಕು ಪರೀಕ್ಷೆ

ಅಚ್ಚಾದ ಬಣ್ಣ ಸರಿಯಾಗಿದೆ ಎನ್ನಲು ಸಾಕ್ಷಿ ಯಾರು? ಕಣ್ಣೇ ಸಾಕ್ಷಿ ಎಂಬುದು ಮುದ್ರಕರ ಹಳೆಯ ಉತ್ತರ. ಆದರೆ ಹಗಲಿನಲ್ಲಿ ಒಪ್ಪಿಗೆಯಾದ ಕುಂಕುಮದ ಕೆಂಪು ರಾತ್ರಿ ಪಾಳಿಯ ಟ್ಯೂಬ್‌ಲೈಟಿನ ಕೆಳಗೆ ಬೇರೆಯಾಗಿ ಕಂಡೀತು. 'ಇದು ನಾನು ಒಪ್ಪಿದ ಬಣ್ಣವಲ್ಲ' ಎಂದು ಗ್ರಾಹಕ ತಕರಾರು ತೆಗೆದರೆ ಸಾವಿರಾರು ಹಾಳೆಗಳು ರದ್ದಿಗೆ. ಕಾಗದ, ಶಾಯಿ, ಕೂಲಿ ಎಲ್ಲವೂ ನಷ್ಟ.

ಇಂಥ ಜಗಳಗಳನ್ನು ಬಗೆಹರಿಸಲು ಬಣ್ಣಕ್ಕೆ ಅಂಕಿಗಳು ಬಂದವು. 1920ರ ದಶಕದಲ್ಲಿ ಇಂಗ್ಲೆಂಡಿನ ಡೇವಿಡ್ ರೈಟ್ ಮತ್ತು ಜಾನ್ ಗಿಲ್ಡ್ ಬೇರೆ ಬೇರೆಯಾಗಿ ಒಟ್ಟು 17 ಮಂದಿಯ ದೃಷ್ಟಿಯನ್ನು ಪರೀಕ್ಷಿಸಿದರು. ಅದರ ಆಧಾರದ ಮೇಲೆ ಸಿಐಇ ಎಂಬ ಅಂತರರಾಷ್ಟ್ರೀಯ ಆಯೋಗ 1931ರಲ್ಲಿ 'ಪ್ರಮಾಣಿತ ವೀಕ್ಷಕ'ನನ್ನು ನಿಗದಿಪಡಿಸಿತು. 1976ರಲ್ಲಿ ಅದೇ ಆಯೋಗ ಮೂರು ಅಂಕಿಗಳಲ್ಲಿ ಬಣ್ಣ ಹೇಳುವ 'ಲ್ಯಾಬ್' ಪದ್ಧತಿಯನ್ನು ತಂದಿತು. ಎರಡು ಬಣ್ಣಗಳ ನಡುವಿನ ಅಂತರಕ್ಕೆ 'ಡೆಲ್ಟಾ ಇ' ಎಂದು ಹೆಸರು.

ಆಫ್‌ಸೆಟ್ ಮುದ್ರಣದ ಅಂತರರಾಷ್ಟ್ರೀಯ ಮಾನಕವು ನಾಲ್ಕು ಮೂಲ ಶಾಯಿಗಳಿಗೆ ಸುಮಾರು 5 ಡೆಲ್ಟಾ ಇ ರಿಯಾಯಿತಿ ಕೊಡುತ್ತದೆ. ಒಂದೇ ಹಾಳೆಯನ್ನು ಅಳೆದ ಎರಡು ಉಪಕರಣಗಳಲ್ಲೇ 2ರಷ್ಟು ವ್ಯತ್ಯಾಸ ಬಂದರೆ? ರಿಯಾಯಿತಿಯ ಐದರಲ್ಲಿ ಸುಮಾರು ಎರಡು ಪಾಲನ್ನು ಯಂತ್ರಕ್ಕಿಂತ ಮೊದಲೇ ಅಳತೆ ನುಂಗಿಹಾಕುತ್ತದೆ.

ಅಳತೆ ತಪ್ಪುವುದೇಕೆ? ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ತನ್ನ ಬಿಳಿ ಬಿಲ್ಲೆಯನ್ನು ನೋಡಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಬಿಲ್ಲೆಯ ಮೇಲೆ ಧೂಳು ಕೂತರೆ ಮುಂದಿನ ಅಳತೆಗಳೆಲ್ಲ ವಾಲುತ್ತವೆ. ತೆಳು ಕಾಗದದಲ್ಲಿ ಬೆಳಕು ಹಾದುಹೋಗುವುದರಿಂದ ಹಾಳೆಯ ಕೆಳಗಿರುವುದು ಕಪ್ಪೋ ಬಿಳಿಯೋ ಎಂಬುದರ ಮೇಲೂ ಅಂಕಿ ಬದಲಾಗುತ್ತದೆ. ಹಸಿ ಶಾಯಿ ಒಂದು ಅಂಕಿ ಕೊಟ್ಟರೆ, ಒಣಗಿದ ಶಾಯಿ ಇನ್ನೊಂದು.

ಇನ್ನೊಂದು ಕಳ್ಳ ಕಾಗದದಲ್ಲೇ ಅಡಗಿದ್ದಾನೆ. ಕಾಗದವನ್ನು ಫಳಫಳ ಹೊಳೆಯಿಸಲು ಬೆರೆಸುವ ರಾಸಾಯನಿಕಗಳು ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಹೀರಿ ನೀಲಿ ಬೆಳಕು ಸೂಸುತ್ತವೆ. ಉಪಕರಣದ ದೀಪದಲ್ಲಿ ಅತಿನೇರಳೆ ಎಷ್ಟಿದೆ ಎಂಬುದರ ಮೇಲೆ ಆ ಕಾಗದದ ಅಳತೆ ನಿಂತಿದೆ. ಹೀಗಾಗಿಯೇ 2009ರಲ್ಲಿ ಪರಿಷ್ಕೃತವಾದ ಐಎಸ್ಒ 13655 ಮಾನಕವು ಬೆಳಕಿನ ಸ್ಥಿತಿಗಳನ್ನು ಎಂ0ಯಿಂದ ಎಂ3ರವರೆಗೆ ವಿಂಗಡಿಸಿತು. ಇವುಗಳಲ್ಲಿ ಎಂ1 ಎಂಬುದು 'ಡಿ50' ಹಗಲು ಬೆಳಕಿಗೆ ಹೊಂದುವಂಥದ್ದು.

ಪರಿಹಾರ ದುಬಾರಿಯೇನಲ್ಲ. ಬಿಲ್ಲೆಯನ್ನು ಶುಚಿಯಾಗಿಡುವುದು, ಒಂದೇ ಕಡೆ ನೋಡದೆ ಹಲವು ಕಡೆ ಅಳೆದು ಸರಾಸರಿ ತೆಗೆಯುವುದು, ಬಣ್ಣ ಗೊತ್ತಿರುವ ಮಾದರಿಯಿಂದ ಉಪಕರಣವನ್ನು ಆಗಾಗ ತಾಳೆ ನೋಡುವುದು ಸಾಕು. ಅಂಕಿಯ ಪಕ್ಕದಲ್ಲಿ ಯಾವ ಉಪಕರಣ, ಯಾವ ಬೆಳಕು, ಯಾವ ಹಿನ್ನೆಲೆ, ಶಾಯಿ ಹಸಿಯೋ ಒಣಗಿದ್ದೋ ಎಂಬುದನ್ನೂ ಬರೆದಿಡಬೇಕು. ಆಗ ಬೆಂಗಳೂರಿನ ಅಳತೆಯನ್ನು ಶಿವಕಾಶಿಯ ಅಳತೆಯೊಡನೆ ಹೋಲಿಸಬಹುದು. ಗ್ರಾಹಕರು ಕೂಡ ಬಣ್ಣ ಒಪ್ಪುವ ಮುನ್ನ ಈ ಪಟ್ಟಿಯನ್ನು ಕೇಳಿ ಪಡೆಯುವುದು ಒಳ್ಳೆಯದು.